ರಿಪೋರ್ಟೆಲ್ಲ ನಾರ್ಮಲ್

ಸಾಗರದ ಹತ್ತಿರ ನನ್ನ ಸೋದರತ್ತೆಯ ಮನೆ. ಅಲ್ಲಿನ ಗೋಡೆ ಕಪಾಟಿನಲ್ಲಿ ಪಂಚಾಂಗ, ಪಹಣಿ, ಅಡಿಕೆ ಮಂಡಿಯ ಚೀಟಿಗಳ ಪಕ್ಕದಲ್ಲಿ ಒಂದು ಉಬ್ಬಿದ ಪ್ಲಾಸ್ಟಿಕ್ ಕವರು ಕೂತಿರುತ್ತಿತ್ತು. ಹೊರಗೆ ಜವಳಿ ಅಂಗಡಿಯ ಹೆಸರು, ಒಳಗೆ ಏಳು ವರ್ಷದ ಹೊಟ್ಟೆನೋವು. ನಾಲ್ಕು ಅಲ್ಟ್ರಾಸೌಂಡ್, ಎರಡು ಎಂಡೋಸ್ಕೋಪಿ, ಒಂದು ಕೊಲೊನೋಸ್ಕೋಪಿ, ಒಂದು ಸಿ.ಟಿ. ಸ್ಕ್ಯಾನ್, ರಕ್ತ ಮೂತ್ರದ ವರದಿಗಳು ಹಿಡಿಗಟ್ಟಲೆ. ಸಾಗರದಲ್ಲಿ ಶುರುವಾದದ್ದು ಶಿವಮೊಗ್ಗಕ್ಕೆ ಹೋಗಿ, ಘಟ್ಟ ಇಳಿದು, ಕೊನೆಗೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೂ ಹೋಗಿ ಬಂತು. ಊರು ದೊಡ್ಡದಾದ ಹಾಗೆ ಯಂತ್ರವೂ ದೊಡ್ಡದಾಯಿತು, ಬಿಲ್ಲೂ. ಮಾತು ಮಾತ್ರ ಎಲ್ಲ ಕಡೆ ಒಂದೇ: "ಏನೂ ಇಲ್ಲಮ್ಮ, ರಿಪೋರ್ಟೆಲ್ಲ ನಾರ್ಮಲ್."

"ಏನೂ ಇಲ್ಲ ಅಂದ್ರೆ ರಾತ್ರಿ ಮಗ್ಗುಲಾದ ಕೂಡ್ಲೆ ಚುಚ್ಚೋದು ಏನು ಮಾರಾಯ?" ಎಂದು ಅತ್ತೆ ನನ್ನನ್ನು ಕೇಳಿದ್ದರು. ವಿಜ್ಞಾನ ಬರೆಯುವವನಿಗೆ ಗೊತ್ತಿರಬೇಕು ಎಂಬ ನಂಬಿಕೆ. ನನಗೆ ಗೊತ್ತಿರಲಿಲ್ಲ. ಆ ಪ್ರಶ್ನೆಯೊಳಗೇ ಉತ್ತರ ಕೂತಿತ್ತು ಎಂಬುದೂ ಗೊತ್ತಿರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಹೆಸರಿಡುವವರಿಗೇನೂ ಬರವಿರಲಿಲ್ಲ. ನೆರೆಮನೆಯವರು ಬಟ್ಟಿ ಜಾರಿದೆ ಎಂದು ಹೊಟ್ಟೆಗೆ ಎಣ್ಣೆ ತಿಕ್ಕಿಸಿದರು. ಇನ್ನೊಬ್ಬರ ಪ್ರಕಾರ ಅದು ಉಷ್ಣ. ಮೆಡಿಕಲ್ ಶಾಪಿನ ಹುಡುಗ "ಗ್ಯಾಸ್ಟ್ರಿಕ್" ಎಂದ. ಇಂಗ್ಲಿಷಿನಲ್ಲಿ ಅದು 'ಜಠರದ' ಎನ್ನುವ ಬರೀ ಒಂದು ವಿಶೇಷಣ. ಕನ್ನಡಕ್ಕೆ ಬಂದು ಅದೇ ಒಂದು ಕಾಯಿಲೆಯಾಗಿ, ಎದೆಯಿಂದ ಸೊಂಟದವರೆಗಿನ ಸಕಲ ಸಂಕಟಗಳನ್ನೂ ತನ್ನ ಹೆಸರಿಗೆ ಬರೆಸಿಕೊಂಡಿದೆ. ಹೃದಯಾಘಾತವನ್ನೂ ಗ್ಯಾಸ್ಟ್ರಿಕ್ ಅಂದುಕೊಂಡು ಸೋಡಾ ಕುಡಿದು ಮಲಗಿದವರಿದ್ದಾರೆ. ಕೊನೆಗೆ ಒಬ್ಬ ವೈದ್ಯರು ಇಟ್ಟ ಹೆಸರು "ಟೆನ್ಷನ್". ಏಳು ವರ್ಷದಲ್ಲಿ ಅತ್ತೆಗೆ ಅತಿ ಹೆಚ್ಚು ನೋವು ಕೊಟ್ಟದ್ದು ಆ ಒಂದು ಪದ.

ಮೂರು ತಿಂಗಳು ದಾಟಿದ ಹೊಟ್ಟೆನೋವನ್ನು ವೈದ್ಯಶಾಸ್ತ್ರ ದೀರ್ಘಕಾಲದ್ದು ಎನ್ನುತ್ತದೆ. ಇಂಥ ನೋವಿನ ಜಾಡು ಹಿಡಿಯುವುದು ಯಾಕಿಷ್ಟು ಕಷ್ಟ? ಅದಕ್ಕೆ ಮೊದಲು ಹೊಟ್ಟೆ ನೋವನ್ನು ಹೇಗೆ ಹೇಳುತ್ತದೆ ಎಂದು ತಿಳಿಯಬೇಕು.

*

ಬೆರಳಿಗೆ ಮುಳ್ಳು ಚುಚ್ಚಿದರೆ ಕಣ್ಣು ಮುಚ್ಚಿಕೊಂಡೇ ಜಾಗ ಹೇಳಬಹುದು. ಕರುಳಿನ ನೋವಿಗೆ ಈ ಶಿಸ್ತಿಲ್ಲ. ಎಲ್ಲಿ ನೋವು ಎಂದರೆ ರೋಗಿ ಅಂಗೈಯನ್ನು ಹೊಟ್ಟೆಯ ಮೇಲೆಲ್ಲ ಆಡಿಸುತ್ತಾನೆ. ಅದು ಅವನ ತಪ್ಪಲ್ಲ. ಚರ್ಮದಲ್ಲಿ ನರಗಳು ಒತ್ತಾಗಿವೆ, ಪ್ರತಿಯೊಂದಕ್ಕೂ ಮಿದುಳಿನಲ್ಲಿ ಸರಿಯಾದ ವಿಳಾಸವಿದೆ. ಒಳಾಂಗಗಳಿಂದ ಹೊರಡುವ ನರಗಳು ವಿರಳ. ಅವು ಬೆನ್ನುಹುರಿಯನ್ನು ಒಂದೇ ಕಡೆ ಸೇರದೆ ಮೇಲೆ ಕೆಳಗೆ ಚದುರಿ ಸೇರುತ್ತವೆ. ಸಾಲದ್ದಕ್ಕೆ ಚರ್ಮದಿಂದ ಬರುವ ಸುದ್ದಿಯೂ ಅದೇ ನರಕೋಶಗಳ ಮೂಲಕವೇ ಮೇಲೆ ಹೋಗಬೇಕು. ಒಂದೇ ಫೋನಿನಲ್ಲಿ ಇಡೀ ವಠಾರದವರು ಮಾತಾಡಿದಂತೆ.

ಭ್ರೂಣದಲ್ಲಿ ಕರುಳು ನಡುಗೆರೆಯ ಮೇಲಿನ ಒಂದು ನೇರ ಕೊಳವೆ. ಆಮೇಲೆ ಅದು ಎಷ್ಟೇ ಸುತ್ತಿಕೊಂಡರೂ ನರಗಳು ಹಳೆಯ ವಿಳಾಸವನ್ನೇ ಹೇಳುತ್ತವೆ. ಜಠರ, ಪಿತ್ತಕೋಶ, ಮೇದೋಜೀರಕ ಗ್ರಂಥಿಗಳ ನೋವು ಎದೆಗೂಡಿನ ಕೆಳಗೆ. ಸಣ್ಣಕರುಳು ಮತ್ತು ಅಪೆಂಡಿಕ್ಸಿನದು ಹೊಕ್ಕುಳ ಸುತ್ತ. ದೊಡ್ಡಕರುಳಿನ ಕೊನೆಯ ಭಾಗದ್ದು ಕಿಬ್ಬೊಟ್ಟೆಯಲ್ಲಿ. ಅಪೆಂಡಿಕ್ಸ್ ಇರುವುದು ಬಲಗಡೆ ಕೆಳಗೆ, ಆದರೆ ಅದು ಊದಿಕೊಂಡಾಗ ಮೊದಲ ನೋವು ಹೊಕ್ಕುಳಲ್ಲಿ. ಕೆಲವು ಗಂಟೆಗಳಲ್ಲಿ ಉರಿಯೂತ ಹೊಟ್ಟೆಗೋಡೆಯ ಒಳಪೊರೆಗೆ ತಾಗುತ್ತದೆ. ಆ ಪೊರೆಯ ನರಗಳು ಚರ್ಮದ ನರಗಳ ಬಳಗದವು, ಜಾಗ ಕರಾರುವಾಕ್ಕಾಗಿ ಹೇಳಬಲ್ಲವು. ಆಗಷ್ಟೇ ನೋವು ಬಲಕ್ಕೆ ಇಳಿಯುತ್ತದೆ. "ಮೊದಲು ಎಲ್ಲಿತ್ತು, ಆಮೇಲೆ ಎಲ್ಲಿಗೆ ಹೋಯಿತು?" ಎಂದು ಅನುಭವಿ ವೈದ್ಯರು ಕೇಳುವುದು ಇದಕ್ಕೇ.

ಸ್ವೀಡನ್ನಿನ ಉಪ್ಸಾಲಾದಲ್ಲಿ ಕಾರ್ಲ್ ಲೆನಾಂಡರ್ ಎಂಬ ಶಸ್ತ್ರವೈದ್ಯ 20ನೇ ಶತಮಾನದ ಆರಂಭದಲ್ಲಿ ಒಂದು ವಿಚಿತ್ರವನ್ನು ಗಮನಿಸಿದ. ಚರ್ಮಕ್ಕೆ ಮಾತ್ರ ಮರಗಟ್ಟಿಸುವ ಔಷಧಿ ಕೊಟ್ಟು, ರೋಗಿ ಎಚ್ಚರವಿದ್ದಾಗಲೇ ಹೊಟ್ಟೆ ತೆರೆದಿದ್ದ. ಕರುಳನ್ನು ಕೊಯ್ದರೆ, ಸುಟ್ಟರೆ ರೋಗಿಗೆ ತಿಳಿಯುತ್ತಲೇ ಇರಲಿಲ್ಲ. ಕರುಳಿಗೆ ಚಾಕುವಿನ ಭಾಷೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಹಿಗ್ಗುವುದು, ಎಳೆತ, ಊತ, ರಕ್ತದ ಕೊರತೆ. ಗಾಳಿ ತುಂಬಿ ಹಿಗ್ಗಿದಾಗ ಅದು ಕೂಗುತ್ತದೆ.

ಎಷ್ಟು ಹಿಗ್ಗಿದರೆ ಕೂಗಬೇಕು? 1973ರಲ್ಲಿ ಬ್ರಿಟನ್ನಿನ ಜೇಮ್ಸ್ ರಿಚಿ ಇದನ್ನು ಅಳೆದು ನೋಡಿದರು. ಪರೀಕ್ಷೆಗಳಲ್ಲಿ ಏನೂ ಸಿಗದ, ಆದರೆ ಸದಾ ಹೊಟ್ಟೆನೋವೆನ್ನುವ ರೋಗಿಗಳ ದೊಡ್ಡಕರುಳಿನೊಳಗೆ ಪುಟ್ಟ ಬಲೂನು ತೂರಿಸಿ ಗಾಳಿ ತುಂಬಿದರು. 60 ಮಿ.ಲೀ. ಗಾಳಿಗೇ ಅರ್ಧಕ್ಕಿಂತ ಹೆಚ್ಚು ರೋಗಿಗಳು ನೋವೆಂದರು. ಹೋಲಿಕೆಗೆಂದು ಆರಿಸಿದ ಇತರರಲ್ಲಿ ಅಷ್ಟಕ್ಕೆ ನೋವಾದದ್ದು ನೂರಕ್ಕೆ ಆರು ಮಂದಿಗೆ. ಕರುಳು ಅದೇ, ಗಾಳಿ ಅದೇ, ಸುದ್ದಿ ಒಯ್ಯುವ ತಂತಿಯ ಸೂಕ್ಷ್ಮತೆ ಬೇರೆ. ರೇಡಿಯೋದ ಫೋಟೊ ತೆಗೆದು ಅದರ ವಾಲ್ಯೂಮ್ ಎಷ್ಟಿದೆ ಎಂದು ಹೇಳಲಾದೀತೆ? ಸ್ಕ್ಯಾನ್, ಎಂಡೋಸ್ಕೋಪಿ ತೆಗೆಯುವುದು ಫೋಟೊ. ಗಡ್ಡೆ, ಕಲ್ಲು, ಬಾವು, ಹುಣ್ಣು ಇದ್ದರೆ ತೋರಿಸುತ್ತದೆ. 'ನಾರ್ಮಲ್' ಎಂದರೆ ಆ ಫೋಟೊದಲ್ಲಿ ಕಾಣಬಹುದಾದದ್ದು ಏನೂ ಕಾಣಲಿಲ್ಲ ಎಂದಷ್ಟೇ ಅರ್ಥ. ಅದು ಒಳ್ಳೆಯ ಸುದ್ದಿಯೇ. ಆದರೆ "ನಿಮಗೆ ನೋವಿಲ್ಲ" ಎನ್ನುವ ತೀರ್ಪು ಅದರಲ್ಲಿಲ್ಲ.

*

ಈಗ ಅತ್ತೆಯ ಕಥೆಗೆ. ಅವರ ನೋವಿಗೆ ಹೆಸರು ಸಿಕ್ಕಿದ್ದು ದೊಡ್ಡ ಆಸ್ಪತ್ರೆಯಲ್ಲಲ್ಲ, ನಿವೃತ್ತಿಯ ಹತ್ತಿರವಿದ್ದ ಒಬ್ಬ ಶಸ್ತ್ರವೈದ್ಯರ ಪುಟ್ಟ ಕ್ಲಿನಿಕ್ಕಿನಲ್ಲಿ. ಅವರು ಕವರು ತೆರೆಯಲಿಲ್ಲ. "ಒಂದೇ ಬೆರಳಲ್ಲಿ ತೋರಿಸಿ ಅಮ್ಮಾ" ಎಂದರು. ಅತ್ತೆ ಹೊಕ್ಕುಳಿನಿಂದ ನಾಲ್ಕು ಬೆರಳು ಬಲಕ್ಕೆ, ಕುಂಕುಮ ಇಟ್ಟಷ್ಟು ಜಾಗದ ಮೇಲೆ ತೋರುಬೆರಳಿಟ್ಟರು. ಏಳು ವರ್ಷದಲ್ಲಿ ಈ ಮಾತು ಯಾರೂ ಕೇಳಿರಲಿಲ್ಲವಂತೆ. ವೈದ್ಯರು ಅಲ್ಲಿ ಒತ್ತಿ ಹಿಡಿದು, "ಕೈ ಎದೆಮೇಲೆ ಕಟ್ಟಿ, ದಿಂಬಿಂದ ತಲೆ ಎತ್ತಿ" ಎಂದರು. ತಲೆ ಎತ್ತಿದ್ದೇ ಅತ್ತೆ ಅಯ್ಯೋ ಎಂದರು.

ಅರ್ಧ ನಿಮಿಷದ ಈ ಪರೀಕ್ಷೆಗೆ ಅಮೆರಿಕದ ಫಿಲಡೆಲ್ಫಿಯಾದ ಶಸ್ತ್ರವೈದ್ಯ ಜಾನ್ ಕಾರ್ನೆಟ್‌ನ ಹೆಸರಿದೆ. ಅವನು ಇದನ್ನು ಪ್ರಕಟಿಸಿದ್ದು 1926ರಲ್ಲಿ. ತರ್ಕ ಸರಳವಾದದ್ದು. ತಲೆ ಎತ್ತಿದಾಗ ಹೊಟ್ಟೆಯ ಸ್ನಾಯು ಹಲಗೆಯಂತೆ ಬಿಗಿಯುತ್ತದೆ. ನೋವು ಒಳಗಿನ ಅಂಗದ್ದಾದರೆ ಬಿಗಿದ ಸ್ನಾಯು ಒತ್ತುವ ಬೆರಳಿಗೆ ಅಡ್ಡ ನಿಂತು ನೋವು ತಗ್ಗಬೇಕು. ನೋವಿನ ಜಾಗ ಆ ಗೋಡೆಯಲ್ಲೇ ಇದ್ದರೆ? ಬಿಗಿದ ಸ್ನಾಯುವಿಗೂ ಬೆರಳಿಗೂ ಮಧ್ಯೆ ಸಿಕ್ಕಿ ನೋವು ಹಾಗೇ ಉಳಿಯುತ್ತದೆ ಅಥವಾ ಏರುತ್ತದೆ. ಹೊಟ್ಟೆ ಎಂದರೆ ಒಳಗಿನ ಸಾಮಾನು ಎಂದೇ ನಾವೆಲ್ಲ ತಿಳಿದಿದ್ದೇವೆ. ಸಾಮಾನಿಗೆ ಗೋಡೆಯೂ ಇದೆ, ಗೋಡೆಯಲ್ಲಿ ತಂತಿಗಳಿವೆ ಎಂಬುದು ಮರೆತುಹೋಗಿರುತ್ತದೆ. ಅಷ್ಟೂ ಸ್ಕ್ಯಾನುಗಳು ನೋಡಿದ್ದು ಸಾಮಾನನ್ನು.

ಬೆನ್ನುಹುರಿಯ ಎದೆಭಾಗದಿಂದ ಹೊರಟ ನರಗಳು ಪಕ್ಕೆಲುಬಿನ ಸಾಲು ಹಿಡಿದು ಮುಂದೆ ಬಂದು, ಹೊಟ್ಟೆಯ ಉದ್ದ ಸ್ನಾಯುವಿನ ಅಂಚಿನಲ್ಲಿ ಥಟ್ಟನೆ ಮೂಲೆ ತಿರುಗಿ, ಒಂದು ಕಿರಿದಾದ ಉಂಗುರದಂಥ ತೂತಿನಲ್ಲಿ ನುಸುಳಿ ಚರ್ಮಕ್ಕೆ ಬರುತ್ತವೆ. ಅಲ್ಲಿ ನರ ಸಿಕ್ಕಿಕೊಳ್ಳಬಹುದು. ಬಸಿರು, ಹಳೆಯ ಆಪರೇಷನ್ನಿನ ಗಾಯದ ಕಲೆ, ಭಾರ ಎತ್ತಿದ ಎಳೆತ ಕಾರಣವಾಗಬಹುದು. ಎಷ್ಟೋ ಸಲ ಕಾರಣ ಸಿಗುವುದಿಲ್ಲ. ಇಂಥ ನೋವು ಊಟಕ್ಕೆ, ಮಲವಿಸರ್ಜನೆಗೆ ಸ್ಪಂದಿಸುವುದಿಲ್ಲ. ಮಗ್ಗುಲು ಬದಲಿಸಿದರೆ, ಬಗ್ಗಿದರೆ, ಕೆಮ್ಮಿದರೆ ಚುಚ್ಚುತ್ತದೆ. ಅತ್ತೆ ಏಳು ವರ್ಷದಿಂದ ಹೇಳುತ್ತಿದ್ದ "ಮಗ್ಗುಲಾದ ಕೂಡ್ಲೆ" ಎಂಬ ಮಾತಿನ ಅರ್ಥ ಅದು.

ಚಿಕಿತ್ಸೆಯೇ ಪರೀಕ್ಷೆಯೂ ಹೌದು. ಆ ಜಾಗಕ್ಕೆ ಮರಗಟ್ಟಿಸುವ ಲಿಗ್ನೋಕೇನ್ ಚುಚ್ಚಬೇಕು. ಹೊಟ್ಟೆಗೆ ಇಂಜೆಕ್ಷನ್ ಎಂದದ್ದೇ ಅತ್ತೆ ಗಾಬರಿಯಾಗಿ, "ಹುಚ್ಚುನಾಯಿ ಕಚ್ಚಿದೋರಿಗೆ ಹಾಕ್ತಿದ್ರಲ್ಲ, ಹಾಗಾ ಡಾಕ್ಟ್ರೇ?" ಎಂದು ಕೇಳಿದರಂತೆ. ಹತ್ತು ನಿಮಿಷದ ನಂತರ ಎದ್ದು ಕೂತರು, ಮಲಗಿದರು, ಮತ್ತೆ ಎದ್ದು ಕೂತರು. ನೋವಿರಲಿಲ್ಲ. ಪವಾಡವೇನಲ್ಲ: ಮೂರು ವಾರಕ್ಕೆ ನೋವು ಮರಳಿ ಬಂತು, ಇನ್ನೊಂದು ಇಂಜೆಕ್ಷನ್ ಬೇಕಾಯಿತು, ಈಗಲೂ ಅಡಿಕೆ ಕೊಯ್ಲಿನ ಹೊತ್ತಿಗೆ ಒಮ್ಮೊಮ್ಮೆ ತಲೆ ಎತ್ತುತ್ತದೆ. ಆದರೆ ಅದಕ್ಕೊಂದು ಹೆಸರಿದೆ, ಮತ್ತು ಆ ಹೆಸರು ಟೆನ್ಷನ್ ಅಲ್ಲ.

ಓದಿದವರೆಲ್ಲ ಈಗ ಮಲಗಿ ತಲೆ ಎತ್ತಿ ನೋಡುತ್ತಾರೆಂದು ಗೊತ್ತು. ನೋಡಿ, ತೊಂದರೆಯಿಲ್ಲ. ಆದರೆ ಇವತ್ತು ಬೆಳಗ್ಗೆ ಶುರುವಾದ ತೀವ್ರ ನೋವಿಗೆ ಈ ಪರೀಕ್ಷೆ ಅಲ್ಲ. ದೀರ್ಘಕಾಲದ ಹೊಟ್ಟೆನೋವಿನವರಲ್ಲೂ ಬಹುಪಾಲು ಜನರದು ಗೋಡೆಯ ನೋವಲ್ಲ.

*

1975ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಜಾನ್ ಹ್ಯಾಂಪ್ಟನ್ ಮತ್ತು ಸಂಗಡಿಗರು ತಮ್ಮ ಹೊರರೋಗಿ ವಿಭಾಗಕ್ಕೆ ಬಂದ 80 ಹೊಸ ರೋಗಿಗಳ ಲೆಕ್ಕ ಇಟ್ಟರು. ಅವರಲ್ಲಿ 66 ಮಂದಿಯ ಕಾಯಿಲೆ, ರೋಗಿ ತಂದ ಪತ್ರ ಓದಿ ಅವರ ಮಾತು ಕೇಳುವಷ್ಟರಲ್ಲೇ ಸರಿಯಾಗಿ ಗೊತ್ತಾಗಿತ್ತು. ಮೈಮುಟ್ಟಿ ನೋಡಿ ಗೊತ್ತಾದದ್ದು ಏಳು, ಲ್ಯಾಬಿನಿಂದ ಗೊತ್ತಾದದ್ದು ಏಳು. ಆ ಕಾಲಕ್ಕೆ ಸಿ.ಟಿ. ಇನ್ನೂ ಕಣ್ಣು ಬಿಡುತ್ತಿತ್ತು ಎಂದು ಆಕ್ಷೇಪಿಸಬಹುದು. ಆದರೂ ಅತ್ತೆಯ ಕವರು ನೆನೆದಾಗ ಈ ಲೆಕ್ಕ ನನಗೆ ಹಳೆಯದು ಅನ್ನಿಸುವುದಿಲ್ಲ.

ಮಾತು ಕೇಳಲು ಸಮಯ ಬೇಕು. 67 ದೇಶಗಳ ಮಾಹಿತಿ ಕೂಡಿಸಿದ ಒಂದು ಅಧ್ಯಯನ 2017ರಲ್ಲಿ ಬಂತು. ಅದರ ಪ್ರಕಾರ ಸ್ವೀಡನ್ನಿನಲ್ಲಿ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸರಾಸರಿ ಇಪ್ಪತ್ತೆರಡೂವರೆ ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡ್, ಭಾರತದಲ್ಲಿ ಸುಮಾರು ಎರಡು ನಿಮಿಷ. ಏಳು ವರ್ಷದ ನೋವು ಎರಡು ನಿಮಿಷದೊಳಗೆ ಹಿಡಿಸುವುದಿಲ್ಲ. ಹೊರಗೆ ಎಪ್ಪತ್ತು ಜನ ಟೋಕನ್ ಹಿಡಿದು ಕೂತಿರುವಾಗ ವೈದ್ಯರಿಗೆ ಸುಲಭವಾದದ್ದು ಸ್ಕ್ಯಾನಿಗೆ ಬರೆದುಕೊಡುವುದು, ರೋಗಿಗೂ ಅದೇ ಸಮಾಧಾನ. ಸ್ಕ್ಯಾನ್ ಬರೆಯದ ಡಾಕ್ಟರು ನಮ್ಮ ಕಣ್ಣಿಗೆ ದಡ್ಡ. ಈ ಬೇಡಿಕೆಯಲ್ಲಿ ನಮ್ಮ ಪಾಲೂ ಇದೆ.

ಯಂತ್ರ ಕೇಳದ ಪ್ರಶ್ನೆಗಳು ಎಂಥವು ಎಂಬುದಕ್ಕೆ ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಒಂದು ಹಳೆಯ ಪ್ರಕರಣ ಹೇಳಬೇಕು. 18ನೇ ಶತಮಾನದಲ್ಲಿ ಅಲ್ಲಿ ಸೇಬಿನ ರಸದ ಮದ್ಯ ಇಳಿಸುವ ಕಾಲ ಬಂತೆಂದರೆ ಊರೂರೇ ಹೊಟ್ಟೆ ಹಿಡಿದು ಒದ್ದಾಡುತ್ತಿತ್ತು. ಕರುಳು ನುಲಿಯುವ ನೋವು, ಕಟ್ಟಿದ ಹೊಟ್ಟೆ, ಕೆಲವರಿಗೆ ಮುಂಗೈ ಜೋತುಬೀಳುವುದು. ಸೇಬಿನ ಹುಳಿಯೇ ಕಾರಣ ಎಂದು ಪಂಡಿತರು ನಂಬಿದ್ದರು. ಅವರ ಕಾಲದ ಗ್ಯಾಸ್ಟ್ರಿಕ್ ಎನ್ನಿ. ಡೆವನ್ನಿನಲ್ಲೇ ಹುಟ್ಟಿದ ವೈದ್ಯ ಜಾರ್ಜ್ ಬೇಕರ್ ಪಕ್ಕದ ಪ್ರಶ್ನೆ ಕೇಳಿದ: ಹೆರೆಫರ್ಡ್‌ಶೈರಿನವರೂ ಅದೇ ಸೇಬಿನ ಮದ್ಯ ಕುಡಿಯುತ್ತಾರೆ, ಅವರಿಗೇಕೆ ಈ ನೋವಿಲ್ಲ? ಹೋಗಿ ನೋಡಿದರೆ ಡೆವನ್ನಿನ ಗಾಣದ ಕಲ್ಲುಗಳ ಸಂದಿಗೆ ಸೀಸ ತುಂಬಿದ್ದರು, ಹೆರೆಫರ್ಡ್‌ಶೈರಿನಲ್ಲಿ ಆ ರೂಢಿಯಿರಲಿಲ್ಲ. ಹುಳಿ ರಸ ಸೀಸವನ್ನು ಕರಗಿಸಿ ಕುಡಿಯುವವರ ಹೊಟ್ಟೆಗೆ ಸೇರಿಸುತ್ತಿತ್ತು. 1767ರಲ್ಲಿ ಬೇಕರ್ ಇದನ್ನು ಪ್ರಕಟಿಸಿದಾಗ ಡೆವನ್ನಿನವರು ಊರಿನ ಮಾನ ಕಳೆದನೆಂದು ಅವನ ಮೇಲೆ ಹರಿಹಾಯ್ದರು.

ಸೀಸದ ಹೊಟ್ಟೆನೋವು ಇತಿಹಾಸಕ್ಕೆ ಸೇರಿಹೋಗಿಲ್ಲ. ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವವರು, ಹಳೆಯ ಬಣ್ಣ ಕೆರೆಯುವವರು, ಅವರ ಬಟ್ಟೆಯ ಧೂಳು ತಾಗುವ ಮನೆಮಕ್ಕಳು, ಎಲ್ಲರಿಗೂ ಬರಬಹುದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಜೀವರಸಾಯನ ವಿಜ್ಞಾನಿ ತುಪ್ಪಿಲ್ ವೆಂಕಟೇಶ್ ಸೀಸದ ವಿಷದ ಬೆನ್ನುಹತ್ತಿ ವರ್ಷಗಟ್ಟಲೆ ಕೆಲಸ ಮಾಡಿದವರು. ಇನ್ನೊಂದು ದಾರಿ ಭಸ್ಮ, ಸಿಂಧೂರದಂಥ ಔಷಧಿಗಳದ್ದು. 2008ರಲ್ಲಿ ಅಮೆರಿಕದ ಸಂಶೋಧಕರು ಅಂತರ್ಜಾಲದಲ್ಲಿ ಮಾರಾಟಕ್ಕಿದ್ದ 193 ಆಯುರ್ವೇದ ಔಷಧಿಗಳನ್ನು ತರಿಸಿ ಪರೀಕ್ಷಿಸಿದಾಗ ಸುಮಾರು ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಹೊಟ್ಟೆನೋವಿಗೆಂದು ತಿಂದ ಪುಡಿಯೇ ಹೊಟ್ಟೆನೋವು ತರುವುದುಂಟು. "ಏನು ಕೆಲಸ ಮಾಡ್ತೀರಿ? ಬೇರೆ ಯಾವ ಔಷಧಿ ತಗೊಳ್ತೀರಿ?" ಈ ಎರಡು ಪ್ರಶ್ನೆಗಳಿಲ್ಲದೆ ಯಾರೂ ರಕ್ತದ ಸೀಸ ಅಳೆಯಲು ಬರೆದುಕೊಡುವುದಿಲ್ಲ. ಮಾಮೂಲಿ ರಕ್ತಪರೀಕ್ಷೆಯ ಪಟ್ಟಿಯಲ್ಲಿ ಅದು ಇರುವುದೇ ಇಲ್ಲ.

ಕೆಲವು ಕಾಯಿಲೆಗಳ ವಿಷಯದಲ್ಲಿ ಪರೀಕ್ಷೆ ಯಾವುದು ಎನ್ನುವುದಕ್ಕಿಂತ ಯಾವಾಗ ಎನ್ನುವುದು ಮುಖ್ಯ. ಪಾರ್ಫಿರಿಯಾ ಎಂಬ ಅಪರೂಪದ ಆನುವಂಶಿಕ ಕಾಯಿಲೆಯಿದೆ. ರಕ್ತದ ಕೆಂಪು ತಯಾರಾಗುವ ಸರಣಿಯಲ್ಲಿ ಒಂದು ಕಿಣ್ವ ಅರೆಬರೆ. ಉಪವಾಸ, ಕೆಲವು ಮಾತ್ರೆಗಳು, ಮುಟ್ಟಿನ ಮುಂಚಿನ ದಿನಗಳು ಅದನ್ನು ಕೆಣಕುತ್ತವೆ. ಆಗ ದಿನಗಟ್ಟಲೆ ಅಸಾಧ್ಯ ಹೊಟ್ಟೆನೋವು. ಮುಟ್ಟಿ ನೋಡಿದರೆ ಹೊಟ್ಟೆ ಮೆತ್ತಗೆ, ಸ್ಕ್ಯಾನಿನಲ್ಲಿ ಏನಿಲ್ಲ. ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳಿಗೇ ಬರುವುದರಿಂದ "ನಾಟಕ" ಎಂಬ ಬಿರುದೂ ಸಿಗುತ್ತದೆ. ಕೆಲವರ ಮೂತ್ರವನ್ನು ಬೆಳಕಿನಲ್ಲಿಟ್ಟರೆ ಹೊತ್ತು ಕಳೆದಂತೆ ದ್ರಾಕ್ಷಾರಸದ ಬಣ್ಣಕ್ಕೆ ತಿರುಗುತ್ತದೆ. ನೋವಿರುವ ದಿನವೇ ಮೂತ್ರ ಹಿಡಿದು, ಬೆಳಕು ತಾಗದಂತೆ ಮುಚ್ಚಿ ಕಳುಹಿಸಿ ಅದರಲ್ಲಿ ಪಾರ್ಫೋಬಿಲಿನೊಜೆನ್ ಎಂಬ ವಸ್ತುವನ್ನು ಅಳೆಸಬೇಕು. ನೋವು ತಗ್ಗಿದ ಮೇಲೆ ಅಪಾಯಿಂಟ್‌ಮೆಂಟ್ ಸಿಕ್ಕಿ ಹೋದರೆ ಸುಳಿವು ಕೈತಪ್ಪಬಹುದು. ಹಿಂದೆ ಇಂಥವರ ಹೊಟ್ಟೆ ಕೊಯ್ದು ನೋಡಿದ್ದೂ ಇದೆ. ಮಂಪರಿಗೆ ಕೊಟ್ಟ ಬಾರ್ಬಿಟುರೇಟ್ ಔಷಧಿಯೇ ಕಾಯಿಲೆಗೆ ತುಪ್ಪ ಸುರಿದು, ಮಲಗಿದವರು ಲಕ್ವ ಹೊಡೆದು ಏಳಲಾಗದೆ ಹೋದದ್ದೂ ಇದೆ.

ಮುಟ್ಟಿನ ಜೊತೆ ಬರುವ ನೋವಿನದು ಇದಕ್ಕಿಂತ ದೊಡ್ಡ ಅನ್ಯಾಯ, ಯಾಕೆಂದರೆ ಅದು ಅಪರೂಪದ್ದೇ ಅಲ್ಲ. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ, ಅಂಡಾಶಯದ ಮೇಲೋ ಕರುಳಿನ ಮೇಲೋ ಬೆಳೆಯುವ ಎಂಡೊಮೆಟ್ರಿಯೋಸಿಸ್, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಹತ್ತು ಹೆಂಗಸರಲ್ಲಿ ಒಬ್ಬರಿಗಿದೆ. ಹೆಸರು ಸಿಗಲು ವರ್ಷಗಳೇ ಹಿಡಿಯುತ್ತವೆ. ಮುಂದುವರಿದ ದೇಶಗಳ ಕಥೆಯೂ ಇದೇ. ಮಾಮೂಲಿ ಅಲ್ಟ್ರಾಸೌಂಡಿನಲ್ಲಿ ಕಾಣದಿರಬಹುದು. ಆದರೆ ನಮ್ಮಲ್ಲಿ ಅದಕ್ಕೂ ಮೊದಲಿನ ಅಡ್ಡಿ ಮನೆಯದು: "ಎಲ್ಲರಿಗೂ ಆಗತ್ತೆ, ಮದುವೆ ಆದ್ರೆ ಸರಿಹೋಗತ್ತೆ." ಶಾಲೆಗೆ, ಕೆಲಸಕ್ಕೆ ಹೋಗಲಾರದಷ್ಟು ನೋವು ಎಲ್ಲರಿಗೂ ಆಗುವುದಿಲ್ಲ.

ಊರನ್ನೂ ಕೇಳಬೇಕು. ನಮ್ಮ ದೇಶದಲ್ಲಿ ಸಣ್ಣಕರುಳು ದೊಡ್ಡಕರುಳು ಸೇರುವಲ್ಲಿ ಹುಣ್ಣು ಕಂಡರೆ ಅದು ಕ್ಷಯವೂ ಆಗಿರಬಹುದು, ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆಯೂ ಆಗಿರಬಹುದು. ನೋಡಲು ಅಣ್ಣತಮ್ಮಂದಿರು, ಮದ್ದು ಮಾತ್ರ ವಿರುದ್ಧ. ಕ್ರೋನ್ಸ್‌ಗೆ ಕೊಡುವ ಸ್ಟೆರಾಯ್ಡ್ ಕ್ಷಯವನ್ನು ಕೆರಳಿಸುತ್ತದೆ. ಕೇರಳದಲ್ಲಿ ವೈದ್ಯ ಗೀವರ್ಗೀಸ್ 1960ರ ದಶಕದಿಂದ ವಿವರಿಸುತ್ತ ಬಂದ ಒಂದು ಬಗೆಯ ಮೇದೋಜೀರಕ ಗ್ರಂಥಿಯ ಕಾಯಿಲೆ ಬಾಲ್ಯದಲ್ಲೇ ಹೊಟ್ಟೆನೋವಾಗಿ ಶುರುವಾಗಿ, ಗ್ರಂಥಿಯಲ್ಲಿ ಕಲ್ಲು ಕಟ್ಟಿ, ಮುಂದೆ ಸಕ್ಕರೆ ಕಾಯಿಲೆಯಾಗುತ್ತದೆ. ಮದ್ಯ ಮುಟ್ಟದವರಿಗೂ ಬರುವ ಇದಕ್ಕೆ ಮರಗೆಣಸೇ ಕಾರಣ ಎಂಬ ವಾದ ಬಹುಕಾಲವಿತ್ತು, ಸಾಬೀತಾಗಲಿಲ್ಲ. ಆನುವಂಶಿಕ ಕಾರಣಗಳು ಈಗ ಬೆಳಕಿಗೆ ಬಂದಿವೆ.

*

ಏನೂ ಕಾಣದಿರುವುದು ಒಂದು ಕಷ್ಟ. ಏನೋ ಕಂಡುಬಿಡುವುದು ಇನ್ನೊಂದು. ಪಿತ್ತಕೋಶದಲ್ಲಿ ಕಲ್ಲಿದ್ದೂ ಜೀವಮಾನವಿಡೀ ನೋವಿಲ್ಲದವರು ಬಹಳ. ಬೇರೆ ಕಾರಣಕ್ಕೆ ಹೊಟ್ಟೆನೋವಿರುವವರ ಸ್ಕ್ಯಾನಿನಲ್ಲಿ ಆ ಕಲ್ಲು ಕಂಡರೆ ಕಳ್ಳ ಸಿಕ್ಕಿಬಿದ್ದ ಎಂದು ಎಲ್ಲರಿಗೂ ಖುಷಿ. ಪಿತ್ತಕೋಶ ಹೋಗುತ್ತದೆ, ನೋವು ಉಳಿಯುತ್ತದೆ. ಹಾಗೆ ಉಳಿದ ನೋವಿಗೆ ಪಿತ್ತನಾಳದ ಬಾಯಿಯ ಸ್ನಾಯು ಬಿಗಿದಿರುವುದೇ ಕಾರಣವೆಂದು ಅದನ್ನು ಕತ್ತರಿಸುವ ಚಿಕಿತ್ಸೆ ಅಮೆರಿಕದಲ್ಲಿ ವರ್ಷಗಟ್ಟಲೆ ನಡೆಯಿತು. ಕೊನೆಗೊಮ್ಮೆ 214 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಜವಾಗಿ ಕತ್ತರಿಸಿ, ಇನ್ನೊಂದಕ್ಕೆ ಕೊಳವೆ ಇಳಿಸಿ ಸುಮ್ಮನೆ ತೆಗೆದರು. ಫಲಿತಾಂಶ ಬಂದದ್ದು 2014ರಲ್ಲಿ: ಕತ್ತರಿಸಿದವರಲ್ಲಿ ಶೇ. 23 ಮಂದಿಗೆ ಗುಣ, ಸುಮ್ಮನೆ ಬಿಟ್ಟವರಲ್ಲಿ ಶೇ. 37 ಮಂದಿಗೆ. ಹತಾಶ ರೋಗಿಯೂ ಉತ್ಸಾಹಿ ವೈದ್ಯರೂ ಒಟ್ಟಾದಾಗ ಕತ್ತರಿಗೆ ಬಿಡುವಿರುವುದಿಲ್ಲ.

ಎಲ್ಲ ಕಳೆದು ಉಳಿಯುವ ದೊಡ್ಡ ಗುಂಪಿನದು ಕರುಳು ಮತ್ತು ಮಿದುಳಿನ ನಡುವಿನ ಮಾತುಕತೆ ಕೆಟ್ಟಿರುವುದು. ಐ.ಬಿ.ಎಸ್. (ಇರಿಟಬಲ್ ಬವೆಲ್ ಸಿಂಡ್ರೋಮ್) ಇದರಲ್ಲಿ ಹೆಚ್ಚು ಪರಿಚಿತ ಹೆಸರು. 2016ರ 'ರೋಮ್' ಮಾನದಂಡದ ಪ್ರಕಾರ ಕಳೆದ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೊಂದು ದಿನವಾದರೂ ನೋವಿರಬೇಕು, ಅದಕ್ಕೆ ಮಲವಿಸರ್ಜನೆಯ ಜೊತೆ, ಅದರ ಲೆಕ್ಕ ಅಥವಾ ರೂಪದ ಬದಲಾವಣೆಯ ಜೊತೆ ಸಂಬಂಧವಿರಬೇಕು, ತೊಂದರೆ ಶುರುವಾಗಿ ಆರು ತಿಂಗಳಾಗಿರಬೇಕು. ಅಂದರೆ ಇದು ಏನೂ ಸಿಗದಾಗ ಅಂಟಿಸುವ ಚೀಟಿಯಲ್ಲ, ತನ್ನದೇ ಲಕ್ಷಣಗಳಿರುವ ರೋಗ. ಕರುಳಿನ ಗೋಡೆಯಲ್ಲೇ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ. ಪರೀಕ್ಷೆಯ ದಿನ ಭೇದಿಯಾಗುವ ಹುಡುಗನಿಗೆ, ಮಿದುಳಿಗೂ ಕರುಳಿಗೂ ನಂಟಿದೆ ಎಂದು ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ.

ಇಲ್ಲೇ ಗೊಂದಲವೂ ಶುರು. ವೈದ್ಯರು ರಾತ್ರಿಗೊಂದು ಅಮಿಟ್ರಿಪ್ಟಿಲಿನ್ ಬರೆಯುತ್ತಾರೆ. ಮಗ ಮೊಬೈಲಿನಲ್ಲಿ ಹುಡುಕಿ, "ಇದು ಡಿಪ್ರೆಶನ್ ಮಾತ್ರೆ ಅಮ್ಮ" ಎನ್ನುತ್ತಾನೆ. ಮಾತ್ರೆ ಕಸದ ಬುಟ್ಟಿಗೆ. ಖಿನ್ನತೆಗೆ ಕೊಡುವುದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲಿ ಅದು ನೋವಿನ ತಂತಿಯ ವಾಲ್ಯೂಮ್ ತಗ್ಗಿಸುತ್ತದೆ ಎಂದು ಯಾರೂ ಹೇಳಿರುವುದಿಲ್ಲ. 2023ರಲ್ಲಿ ಇಂಗ್ಲೆಂಡಿನಲ್ಲಿ 463 ಐ.ಬಿ.ಎಸ್. ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಅದು ಹುಸಿಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡಿತು. ಹೇಳುವ ಆ ಒಂದು ನಿಮಿಷ ಉಳಿಸಿದ್ದಕ್ಕೆ ಔಷಧಿಯೇ ವ್ಯರ್ಥ.

ಹಾಗೆಂದು ಎಲ್ಲವನ್ನೂ ಮನಸ್ಸಿಗೆ ತಗುಲಿಹಾಕುವ ಚಟಕ್ಕೆ ವೈದ್ಯಶಾಸ್ತ್ರ ಒಮ್ಮೆ ದಂಡ ತೆತ್ತಿದೆ. ಜಠರದ ಹುಣ್ಣಿಗೆ ಒತ್ತಡ, ಖಾರ, ಸಿಟ್ಟು ಕಾರಣವೆಂದು ದಶಕಗಳ ಕಾಲ ಹೇಳಿದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅದು ಒಂದು ಬ್ಯಾಕ್ಟೀರಿಯಾದ ಕೆಲಸ ಎಂದರು. ಯಾರೂ ನಂಬದಾಗ 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾನೇ ಕುಡಿದು ಹೊಟ್ಟೆ ಕೆಡಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ನಮ್ಮ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಸಾಲು ಎಷ್ಟು ಸಲ ಬರುತ್ತದೆಂದರೆ ಕಣ್ಣು ಅದರ ಮೇಲೆ ನಿಲ್ಲುವುದೇ ಇಲ್ಲ: "ಹೊಟ್ಟೆನೋವು ತಾಳಲಾರದೆ ಆತ್ಮಹತ್ಯೆ." ಪೊಲೀಸರಿಗೆ ಹೇಳಲಾಗದ ಮನೆಯ ಸಂಗತಿಗಳಿಗೆ ಈ ಸಾಲು ಮುಸುಕಾಗುವುದೂ ಇದೆ ಎನ್ನುವವರಿದ್ದಾರೆ. ಇರಬಹುದು. ಆದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ವರದಿಯಲ್ಲಿ ದೇಶದ ಆತ್ಮಹತ್ಯೆಗಳ ಶೇ. 18.4ಕ್ಕೆ ಕಾಯಿಲೆ ಕಾರಣವೆಂದಿದೆ, ಕೌಟುಂಬಿಕ ಸಮಸ್ಯೆಯ ನಂತರದ ಸ್ಥಾನ ಅದರದು. ನೋವು ನಿದ್ದೆ ಕದಿಯುತ್ತದೆ, ನಿದ್ದೆಗೆಟ್ಟವರಿಗೆ ನೋವು ಇಮ್ಮಡಿ ಕೇಳುತ್ತದೆ. ಅದರ ಮೇಲೆ "ಏನೂ ಇಲ್ಲ" ಎಂಬ ಮಾತು. ನಿಮ್ಮ ಮನೆಯಲ್ಲಿ ಇಂಥ ಸ್ಥಿತಿ ತಲುಪಿದವರಿದ್ದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

*

ಚಾರ್ಲ್ಸ್ ಡಾರ್ವಿನ್‌ಗೂ ಹೊಟ್ಟೆಯ ಕಾಟವಿತ್ತು. ನೋವು, ವಾಂತಿ, ವಾಯು. ದಿನಕ್ಕೆ ಕೆಲವೇ ಗಂಟೆ ಕೆಲಸ. ಊರೂರಿನ ವೈದ್ಯರನ್ನು ಕಂಡ, 1849ರಲ್ಲಿ ಮಾಲ್ವರ್ನ್ ಎಂಬಲ್ಲಿ ತಣ್ಣೀರು ಚಿಕಿತ್ಸೆಯನ್ನೂ ಮಾಡಿಸಿಕೊಂಡ. ಆ ವರ್ಷದಿಂದ 1855ರವರೆಗೆ ದಿನವೂ ಆರೋಗ್ಯದ ದಿನಚರಿ ಬರೆದಿಟ್ಟ. ದಕ್ಷಿಣ ಅಮೆರಿಕದ ತಿಗಣೆಯಿಂದ ಬಂದ ಚಾಗಸ್ ರೋಗ ಎಂದು 1959ರಲ್ಲಿ ಒಬ್ಬರು, ಹಾಲು ಒಗ್ಗದಿರುವಿಕೆ ಎಂದು 2005ರಲ್ಲಿ ಮತ್ತಿಬ್ಬರು, ಇನ್ನೂ ಏನೇನೋ. ಸತ್ತು ನೂರ ನಲವತ್ತು ವರ್ಷ ದಾಟಿದರೂ ಅವನಿಗೆ ಸೆಕೆಂಡ್ ಒಪೀನಿಯನ್ ನಿಂತಿಲ್ಲ. ಅಷ್ಟು ವಾದಿಸಲು ಸಾಧ್ಯವಾಗಿರುವುದು ಅವನು ಬರೆದಿಟ್ಟದ್ದರಿಂದ.

ಆದ್ದರಿಂದ ಮುಂದಿನ ಸಲ ಆಸ್ಪತ್ರೆಗೆ ಹೊರಡುವಾಗ ಕವರಿನ ಮೇಲೆ ಒಂದು ಹಾಳೆ ಇಟ್ಟುಕೊಳ್ಳಿ. ನೋವಿನ ಜಾಗ ಒಂದು ಬೆರಳಿನಷ್ಟೋ ಅಂಗೈಯಷ್ಟೋ, ಹೊಕ್ಕುಳಿನಿಂದ ಎಷ್ಟು ದೂರ. ಯಾವಾಗ ಶುರು, ಎಷ್ಟು ಹೊತ್ತು. ಊಟಕ್ಕೆ, ಶೌಚಕ್ಕೆ, ಮುಟ್ಟಿಗೆ, ಉಪವಾಸಕ್ಕೆ, ಮಗ್ಗುಲಿಗೆ ಏನು ಸಂಬಂಧ. ಏನು ಕೆಲಸ. ನುಂಗುವ ಎಲ್ಲ ಮಾತ್ರೆ, ಪುಡಿ, ಕಷಾಯ. ನಾಚಿಕೆಯಿಂದ ಮುಚ್ಚಿಟ್ಟವೂ ಸೇರಿ. ತೂಕ ಇಳಿದಿದ್ದರೆ, ಮಲದಲ್ಲಿ ರಕ್ತ ಹೋಗಿದ್ದರೆ, ಜ್ವರ ಬರುತ್ತಿದ್ದರೆ, ರಕ್ತಹೀನತೆ ಇದ್ದರೆ, ನೋವು ಶುರುವಾದದ್ದೇ ಐವತ್ತು ದಾಟಿದ ಮೇಲಾದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದಿದ್ದರೆ ಅದನ್ನು ಎಲ್ಲಕ್ಕಿಂತ ಮೇಲೆ ಬರೆದು ಅಡಿಗೆರೆ ಎಳೆಯಿರಿ. ಅಂಥವರು ಮಾತಿನಲ್ಲಿ ತೃಪ್ತರಾಗದೆ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ದೊಡ್ಡ ಅಕ್ಷರದಲ್ಲಿ ಬರೆಯಿರಿ. ಎರಡು ನಿಮಿಷದಲ್ಲಿ ಓದಿ ಮುಗಿಯುವಷ್ಟಿರಲಿ.